ಹಗುರಣ್ಣನ ಒಂದು ಗುಟುಕು

ನಮ್ಮ ಲೈಬ್ರರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಇರಲಿಲ್ಲ. ಎಲ್ಲರಿಗೂ ಅವರು ಹಗುರಣ್ಣ. ಹಾಗಂತ ಹಗುರ ಮನುಷ್ಯ ಅಂದುಕೊಳ್ಳಬೇಡಿ. ಅವರು ಏಣಿ ಹತ್ತಿದರೆ ಕೆಳಗೆ ಇಬ್ಬರು ಹಿಡಿದುಕೊಳ್ಳಬೇಕಿತ್ತು. "ಮಷೀನಿನ ಮೇಲೆ ಹೊರೆ ಹಾಕಬೇಡಿ, ಹಗುರ ಇರಲಿ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದುದಕ್ಕೆ ಆ ಹೆಸರು ಅಂಟಿಕೊಂಡಿತ್ತು.

ನಮ್ಮದು ಕಣ್ಣು ಕಾಣದವರ ಲೈಬ್ರರಿ. ಇಲ್ಲಿ ಪುಸ್ತಕಗಳು ಮಾತಾಡುತ್ತವೆ. ಮಹಡಿಯ ಮೇಲೆ ಪುಸ್ತಕ ಓದಿ ಧ್ವನಿ ಹಿಡಿಯುವ ಒಂದು ಪುಟ್ಟ ಕೋಣೆ. ಕೆಳಗೆ ಉದ್ದನೆಯ ಮೇಜಿನ ಮೇಲೆ ಹತ್ತು ಹಳೆಯ ಕಂಪ್ಯೂಟರು, ಹತ್ತು ಹೆಡ್‌ಫೋನು. ಕೀಲಿಗಳಲ್ಲಿ ಎಂಟರ್ ಮೇಲೆ ಒಂದು, ಸ್ಪೇಸ್ ಮೇಲೆ ಒಂದು ಗಟ್ಟಿ ಅಂಟಿನ ಬೊಟ್ಟು ಇಟ್ಟಿರುತ್ತೇವೆ. ಓದುಗರು ಬಂದು ಕೂರುತ್ತಾರೆ, ನಾನು ಅವರ ಪುಸ್ತಕವನ್ನು ಪರದೆಯ ಮೇಲೆ ಹುಡುಕಿ ಇಡುತ್ತೇನೆ, ಅವರು ಬೊಟ್ಟು ಮುಟ್ಟಿ ಎಂಟರ್ ಒತ್ತುತ್ತಾರೆ. ಆಮೇಲೆ ಅವರುಂಟು, ಅವರ ಪುಸ್ತಕವುಂಟು. ನಾನು ಕೌಂಟರಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದೇ ಮಾಡುತ್ತಿದ್ದೇನೆ. ಹಗುರಣ್ಣ ನನಗಿಂತ ಹನ್ನೆರಡು ವರ್ಷ ಹಿರಿಯರು, ಕೆಲಸದಲ್ಲಿ. ಟೇಪ್ ಸಿಕ್ಕಿಹಾಕಿಕೊಂಡ ಕ್ಯಾಸೆಟ್ಟಿಗೆ ಪೆನ್ಸಿಲ್ ತೂರಿಸಿ ತಿರುಗಿಸುತ್ತಾ ಶುರು ಮಾಡಿದವರು.

ಅವರ ಕೆಲಸದ ಕ್ರಮವೇ ಬೇರೆ. ಹೊಸ ಯಂತ್ರ ಬಂದಾಗಲೆಲ್ಲ ಒಂದು ಗಿಡ್ಡ ಸ್ಟೂಲು ಎಳೆದುಕೊಂಡು ಓದುಗರ ಬೆನ್ನ ಹಿಂದೆ ಕೂರುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಕೈ ಎಲ್ಲಿ ತಡವರಿಸುತ್ತದೆ, ಯಾವಾಗ ನಿಟ್ಟುಸಿರು ಬರುತ್ತದೆ, ಅಷ್ಟು ನೋಡುತ್ತಿದ್ದರು. ಒಬ್ಬೊಬ್ಬರ ಹಿಂದೆ ಒಂದೊಂದು ದಿನ. ನಾನು ರೇಗಿಸುತ್ತಿದ್ದೆ, "ಏನಣ್ಣಾ, ಹೆಣ್ಣು ನೋಡೋಕೆ ಬಂದಿದ್ದೀರಾ?" ಎಂದು. "ಸುಮ್ನಿರಮ್ಮಾ, ಬೆನ್ನು ಸುಳ್ಳು ಹೇಳಲ್ಲ," ಎನ್ನುತ್ತಿದ್ದರು.

ಈ ವರ್ಷ ಅವರ ನಿವೃತ್ತಿಗೆ ಒಂದೂವರೆ ತಿಂಗಳು ಇರುವಾಗ ಹತ್ತು ಕಂಪ್ಯೂಟರುಗಳೂ ಒಟ್ಟಿಗೆ ಮೊಂಡು ಹಿಡಿದವು. ಹೊಸ ಸಿಸ್ಟಮ್ ಹಾಕಲು ಅವುಗಳಿಗೆ ತ್ರಾಣವಿಲ್ಲ, ಹಳೆಯದು ಇನ್ನು ನಡೆಯುವುದಿಲ್ಲ. ಹೊಸ ಯಂತ್ರಗಳ ಮಾತೆತ್ತಿದರೆ ಮೇಲ್ವಿಚಾರಕರು ಕಿಟಕಿ ನೋಡುತ್ತಿದ್ದರು. ಕೊನೆಗೆ ಹಗುರಣ್ಣನೇ ಲಿನಕ್ಸ್ ಎಂಬ ಪುಕ್ಕಟೆ ಸಿಸ್ಟಮ್ ಹಾಕುವುದೆಂದು ಹೇಳಿದರು. ಅದರಲ್ಲೂ ಮುದಿ ಯಂತ್ರಗಳಿಗೆಂದೇ ಮಾಡಿದ, ತೀರಾ ಹಗುರವಾದ ಒಂದು ಬಗೆ.

ಹಾಕುವುದು ಒಂದು ದಿನದ ಕೆಲಸವಾಯಿತು. ಆರಿಸುವುದು ಮೂರು ವಾರ ತಿಂದಿತು. ನನಗೂ ಆಗಲೇ ಗೊತ್ತಾದದ್ದು. ಅದರಲ್ಲಿ ಪತ್ರ ಬರೆಯಲು ನಾಲ್ಕು ತಂತ್ರಾಂಶ, ಚಿತ್ರ ನೋಡಲು ಐದು, ಧ್ವನಿ ಕೇಳಲು ಏಳೋ ಎಂಟೋ. ಫೈಲಿನ ಮೇಲೆ ಎಂಟರ್ ಒತ್ತಿದರೆ ಇವುಗಳಲ್ಲಿ ಯಾವುದು ತೆರೆದುಕೊಳ್ಳಬೇಕು ಎಂದು ಮೊದಲೇ ಹೇಳಿಡಬೇಕು. ಅದಕ್ಕೆ ಡಿಫಾಲ್ಟ್ ಅನ್ನುತ್ತಾರೆ. ಹೇಳಿಡದಿದ್ದರೆ ಅದು ಪರದೆಯ ಮೇಲೆ ಪಟ್ಟಿ ಬಿಚ್ಚಿ "ಯಾವುದರಲ್ಲಿ ತೆರೆಯಲಿ?" ಎಂದು ಕೇಳುತ್ತದೆ. ಕಣ್ಣು ಕಾಣದವರ ಮುಂದೆ ಪಟ್ಟಿ ಬಿಚ್ಚಿ ಏನು ಮಾಡುವುದು?

"ನಾನು ಹೋದ್ಮೇಲೆ ಇಲ್ಲಿ ಯಾರೂ ಬರಲ್ಲ. ನನ್ನ ಜಾಗಕ್ಕೆ ಆಳು ಹಾಕಲ್ಲ ಅಂತ ಮೇಲ್ವಿಚಾರಕರೇ ಹೇಳಿಬಿಟ್ಟಿದ್ದಾರೆ," ಎಂದರು ಹಗುರಣ್ಣ. "ಈಗ ಏನು ಇಟ್ಟು ಹೋಗ್ತೀನೋ ಅದೇ ಕೊನೆ. ಯಾರೂ ಯಾರನ್ನೂ ಕರೆಯೋ ಹಾಗೇ ಇರಬಾರದು."

ಅವರಿಗೆ ಬೇಕಾಗಿದ್ದದ್ದು ಅದೊಂದೇ. ಮೂವತ್ತೊಂದು ವರ್ಷ "ಹಗುರಣ್ಣಾ" ಎಂಬ ಕೂಗಿಗೆ ಎದ್ದು ಎದ್ದು ಮಂಡಿ ಸವೆದಿತ್ತು. ಊಟದ ಡಬ್ಬಿ ತೆರೆದರೆ ಕೂಗು, ಶೌಚಕ್ಕೆ ಹೋದರೆ ಕೂಗು. ಮನೆಯಲ್ಲಿ ಅವರ ಹೆಂಡತಿಗೂ ಅದೇ ಪಾಡಂತೆ; ಡಿಫಾಲ್ಟ್ ಎಂದರೇನೆಂದು ಇವರು ವಿವರಿಸಿದಾಗ ಆಕೆ, "ಗೊತ್ತಾಯ್ತು ಬಿಡಿ, ಈ ಮನೇಲಿ ಏನು ಒತ್ತಿದ್ರೂ ನಾನೇ ತೆರ್ಕೊಳ್ತೀನಲ್ಲ," ಎಂದರಂತೆ.

ತಂತ್ರಾಂಶಗಳಿಗೆ ಅವರು ಇಟ್ಟ ಪರೀಕ್ಷೆ ವಿಚಿತ್ರವಾಗಿತ್ತು. ಎಲ್ಲಕ್ಕಿಂತ ಬಡವಾದ ಯಂತ್ರ ಏಳನೇ ಸೀಟಿನದು. ಅದರ ಮುಂದೆ ಕಪ್ಪಿನಲ್ಲಿ ಟೀ ಹಿಡಿದು ಕೂರುವುದು, ಎಂಟರ್ ಒತ್ತುವುದು, ಒಂದು ಗುಟುಕು ಕುಡಿಯುವುದು. ಗುಟುಕು ಗಂಟಲಿಳಿಯುವಷ್ಟರಲ್ಲಿ ತಂತ್ರಾಂಶ ತೆರೆದಿರಬೇಕು. ಎರಡನೇ ಗುಟುಕಿಗೆ ಹೋಯಿತೋ, ಅದು ಹೊರಗೆ. ರೂಲು ಹಾಕಿದ ಒಂದು ನೋಟ್‌ಪುಸ್ತಕದಲ್ಲಿ ಎಡಕ್ಕೆ ಫೈಲಿನ ಬಗೆ, ನಡುವೆ ತಂತ್ರಾಂಶದ ಹೆಸರು, ಬಲಕ್ಕೆ "ಒಂದು ಗುಟುಕು" ಎಂದು ಬರೆದುಕೊಳ್ಳುತ್ತಿದ್ದರು. ಅರ್ಧಂಬರ್ಧ ಕಾಣುವವರಿಗಾಗಿ ಪುಸ್ತಕವನ್ನು ದಪ್ಪ ಅಕ್ಷರದಲ್ಲಿ ತೋರಿಸುವ ತಂತ್ರಾಂಶ ಒಂದು, ಪತ್ರಕ್ಕೆ ಒಂದು, ಚಿತ್ರಕ್ಕೆ ಒಂದು. ಧ್ವನಿಗೆ ಆರಿಸಿದ್ದಂತೂ ಗುಟುಕು ಬಾಯಲ್ಲಿರುವಾಗಲೇ ಹಾಡಲು ಶುರು ಮಾಡಿತು. ಇನ್ನೊಂದು ಚೆಂದದ್ದಿತ್ತು, ಅದು ಮೂರು ಗುಟುಕು ಕಾಯಿಸಿತು. "ಏನು ಜಂಬ ಇದಕ್ಕೆ!" ಎಂದು ಬೈದು ಅಳಿಸಿಹಾಕಿದರು. ಆ ಮೂರು ವಾರ ಅವರು ಕುಡಿದ ಟೀ ನೋಡಿ ನನಗೇ ಎದೆಯುರಿ ಬಂತು.

ಸ್ಟೂಲು ಮಾತ್ರ ಈ ಸಲ ಮೂಲೆ ಬಿಟ್ಟು ಕದಲಲಿಲ್ಲ. "ಮಂಡಿ ಕೇಳಲ್ಲಮ್ಮಾ. ಎದ್ದೇಳೋಕಾಗಲ್ಲ," ಎಂದರು. ನಾನೂ ಒತ್ತಾಯಿಸಲಿಲ್ಲ. ನನಗೂ ಸಾಕಾಗಿತ್ತು.

ಹತ್ತೂ ಯಂತ್ರ ಸಿದ್ಧವಾದ ಬೆಳಿಗ್ಗೆ ಅವರು ಮೇಜಿನ ತುದಿಯಲ್ಲಿ ನಿಂತು ಓದುಗರಿಗೆಲ್ಲ ಕೇಳುವಂತೆ ಹೇಳಿದರು: "ಎಲ್ಲಾ ಸರಿ ಮಾಡಿದ್ದೀನಿ. ಎಂಟರ್ ಒತ್ತಿ, ಕೇಳಿ. ಇನ್ಮೇಲೆ ದಯವಿಟ್ಟು ನನ್ನ ಕರೀಬೇಡಿ. ನನಗೆ ಶಕ್ತಿ ಇಲ್ಲ. ನಿಜವಾಗ್ಲೂ ಇಲ್ಲ."

ಯಾರೂ ಕರೆಯಲಿಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಹಗುರಣ್ಣ ಊಟದ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿ ಕೈ ತೊಳೆದದ್ದನ್ನು ನಾನು ಮೊದಲ ಸಲ ಕಂಡೆ. ಸಂಜೆ ಹೋಗುವಾಗ "ನೋಡಿದ್ಯಾ, ಇವತ್ತೂ ಒಂದು ಕೂಗಿಲ್ಲ," ಎನ್ನುತ್ತಿದ್ದರು. ದಣಿದ ಮುಖದಲ್ಲಿ ಒಂದಿಷ್ಟು ಗೆಲುವು. ಹದಿನೇಳು ದಿನ ಹೀಗೇ ಕಳೆಯಿತು.

ಹದಿನೇಳನೆಯ ದಿನವೇ ಅವರ ಕೊನೆಯ ದಿನ. ನಾಲ್ಕು ಗಂಟೆಗೆ ಮಹಡಿಯ ಮೇಲೆ ಬೀಳ್ಕೊಡುಗೆ. ಬೆಳಿಗ್ಗೆ ಹತ್ತೂವರೆಗೆ ಎಂದಿನಂತೆ ದರ್ಜಿ ಅಜ್ಜ ಬಂದು ನಾಲ್ಕನೇ ಸೀಟಿನಲ್ಲಿ ಕೂತರು. ಐವತ್ತು ವರ್ಷ ಬಟ್ಟೆ ಹೊಲಿದು ಕಣ್ಣು ಕಳೆದುಕೊಂಡವರು. ಈಗಲೂ ಹೆಡ್‌ಫೋನಿನ ವೈರು ಕೈಗೆ ಸಿಕ್ಕರೆ ಅಳತೆ ಟೇಪಿನಂತೆ ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಸೊಸೆ ಪಕ್ಕದ ಬೀದಿಯ ಕೆಲಸಕ್ಕೆ ಹೋಗುವಾಗ ಬಿಟ್ಟು, ಒಂದು ಗಂಟೆ ಕಳೆದು ಬಂದು ಕರೆದೊಯ್ಯುತ್ತಾಳೆ. ಆ ಒಂದು ಗಂಟೆ ಅವರದ್ದು. ನಾನು ದಿನಾ ಹೆಡ್‌ಫೋನು ತೆಗೆಯುತ್ತಾ "ಹೇಗಿತ್ತಜ್ಜ?" ಎನ್ನುತ್ತೇನೆ. ಅವರು "ಚೆನ್ನಾಗಿತ್ತು ತಾಯಿ," ಎನ್ನುತ್ತಾರೆ.

ಅವತ್ತು ಹಗುರಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೊನೆಯ ದಿನವಲ್ಲವೇ. ಸುಮ್ಮನೆ ಹಾಲಿನಲ್ಲಿ ಅಡ್ಡಾಡಿ ಅಜ್ಜನ ಹಿಂದೆ ನಿಂತರು. ನಿಂತವರು ನಿಂತೇ ಇದ್ದರು. ಆಮೇಲೆ ನನ್ನ ಕಡೆ ಕೈಬೀಸಿ ಕರೆದರು.

ಅಜ್ಜನ ತುಟಿ ಅಲುಗುತ್ತಿತ್ತು. ಹಗುರಣ್ಣ ಮೆಲ್ಲಗೆ ಇನ್ನೊಂದು ಹೆಡ್‌ಫೋನು ಸಿಕ್ಕಿಸಿ ಕಿವಿಗಿಟ್ಟುಕೊಂಡರು. ಅವರ ಮುಖ ಸಪ್ಪಗಾಯಿತು. ನನಗೂ ಕೊಟ್ಟರು. ಪುಸ್ತಕ ಒಬ್ಬ ಬಡಗಿಯದ್ದು. ಕಾಣೆಯಾದ ತಮ್ಮನನ್ನು ಹುಡುಕಿಕೊಂಡು ಅವನು ದೋಣಿ ಹತ್ತಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾನೆ. ನನ್ನ ಕಿವಿಯಲ್ಲಿ ಓದುವವರ ದನಿ ಬರುವ ಮೊದಲೇ ಅಜ್ಜನ ತುಟಿಯ ಮೇಲೆ ಆ ಮಾತು ಬಂದಿರುತ್ತಿತ್ತು. ಒಂದು ಶಬ್ದ ಹೆಚ್ಚುಕಡಿಮೆ ಇಲ್ಲ.

ಹಗುರಣ್ಣ ಅಜ್ಜನ ಹೆಗಲು ಮುಟ್ಟಿದರು. "ಅಜ್ಜಾ, ಈ ಪುಸ್ತಕ ಮೊದಲೇ ಕೇಳಿದ್ರಾ?"

"ಇಲ್ಲಪ್ಪ, ಇಲ್ಲೇ ಕೇಳ್ತಿರೋದು. ದಿನಾ ಇದೇ ಬರುತ್ತಲ್ಲ."

"ದಿನಾ ಇದೇ ಅಂದ್ರೆ?"

"ಮೊದಲಿಂದ. ಒಂದು ಗಂಟೆ ಆಗುತ್ತೆ, ಸೊಸೆ ಬರ್ತಾಳೆ. ಮಾರನೇ ದಿನ ಮತ್ತೆ ಮೊದಲಿಂದ. ಬಾಣದ ಗುರುತಿನ ಕೀಲಿ ಒತ್ತಿದ್ರೆ ಮುಂದೆ ಹೋಗುತ್ತೆ, ಆದ್ರೆ ಒಂದೊಂದೇ ಮಾತು. ಎಷ್ಟು ಅಂತ ಒತ್ತೋದು, ಬೆರಳು ನೋಯುತ್ತೆ." ಅಜ್ಜ ನಕ್ಕರು. "ಬಡಗಿ ಇನ್ನೂ ದಡದಲ್ಲೇ ಇದ್ದಾನೆ ಪಾಪ. ಹದಿನೇಳು ದಿನ ಆಯ್ತು, ದೋಣಿ ಹತ್ತಿಲ್ಲ."

ಏನಾಗಿದೆ ಎಂದು ಹಗುರಣ್ಣನಿಗೆ ಆಗಲೇ ಹೊಳೆದಿತ್ತು. ಹಳೆಯ ಸಿಸ್ಟಮಿನ ತಂತ್ರಾಂಶ ನಿಲ್ಲಿಸಿದ ಜಾಗ ನೆನಪಿಟ್ಟುಕೊಳ್ಳುತ್ತಿತ್ತು. ಇವರು ಆರಿಸಿದ ಹಗುರದ್ದಕ್ಕೆ ಆ ನೆನಪಿಲ್ಲ. ನೆನಪೂ ಒಂದು ಹೊರೆಯೇ ತಾನೇ. ಬೇರೆ ಪುಸ್ತಕಗಳು ಅಧ್ಯಾಯಕ್ಕೊಂದರಂತೆ ಚಿಕ್ಕ ಫೈಲುಗಳು, ಅವನ್ನು ಕೇಳುವವರಿಗೆ ಬಾಧೆಯಿಲ್ಲ. ಈ ಪುಸ್ತಕ ಮಾತ್ರ ಹಳೆಯ ಕ್ಯಾಸೆಟ್ಟಿನದು. ಓದುಗರಿಗೆ ಮತ್ತೆ ಮತ್ತೆ ತೆರೆಯುವ ಕಷ್ಟ ಬೇಡವೆಂದು ಹಗುರಣ್ಣನೇ ಒಂಬತ್ತು ಗಂಟೆಯನ್ನೂ ಒಂದೇ ಫೈಲಾಗಿ ಅಂಟಿಸಿದ್ದರು.

"ಹೇಳಬಾರದಿತ್ತಾ ಅಜ್ಜಾ? ಒಂದು ಕೂಗು ಹಾಕಬಾರದಿತ್ತಾ?" ಹಗುರಣ್ಣನ ದನಿ ಗಟ್ಟಿಯಾಯಿತು. ಸಿಟ್ಟೋ ಸಂಕಟವೋ, ಅವರಿಗೇ ತಿಳಿದಿರಲಿಕ್ಕಿಲ್ಲ.

"ಶಕ್ತಿ ಇಲ್ಲ, ಕರೀಬೇಡಿ ಅಂದಿದ್ರಲ್ಲಪ್ಪ. ದನಿ ಕೇಳಿದ್ರೆ ಗೊತ್ತಾಗಲ್ವಾ, ನಿಜವಾಗ್ಲೂ ಸುಸ್ತಾಗಿತ್ತು ನಿಮಗೆ," ಎಂದರು ಅಜ್ಜ. "ಅಲ್ದೆ ಹೊಸ ಮಷೀನು ಹೀಗೇ ಇರಬೇಕು ಅಂದ್ಕೊಂಡೆ. ಏನೂ ಬೇಜಾರಿಲ್ಲ. ಇಪ್ಪತ್ತನೇ ನಿಮಿಷಕ್ಕೆ ಒಂದು ಕೆಮ್ಮು ಬರುತ್ತೆ ನೋಡಿ ಇದರಲ್ಲಿ, ಓದೋರದಲ್ಲ. ಅದು ನಿಮ್ಮದೇ ಅಲ್ವಾ? ದಿನಾ ಅದಕ್ಕೆ ಕಾಯ್ತಿದ್ದೆ."

ಮೂವತ್ತು ವರ್ಷದ ಹಿಂದೆ ಧ್ವನಿ ಹಿಡಿಯುವಾಗ ಕೋಣೆಯ ಮೂಲೆಯಲ್ಲಿ ತಡೆಯಲಾರದೆ ಕೆಮ್ಮಿದ್ದು ಅವರದೇ. ಹಗುರಣ್ಣ ಮೂಲೆಗೆ ಹೋಗಿ ಸ್ಟೂಲು ತಂದು, ಮಂಡಿ ಹಿಡಿದುಕೊಂಡು ಅದರ ಮೇಲೆ ಕುಕ್ಕರಿಸಿದರು. ಜಂಬದ್ದೆಂದು ಬೈದು ಅಳಿಸಿದ, ಆದರೆ ನಿಲ್ಲಿಸಿದ ಜಾಗ ನೆನಪಿಡುವ ಆ ತಂತ್ರಾಂಶವನ್ನು ಮತ್ತೆ ಹಾಕಿ, ಅದನ್ನೇ ಡಿಫಾಲ್ಟ್ ಮಾಡಿ, ಒಂದು ಗಂಟೆ ಮುಂದಕ್ಕೆ ತಳ್ಳಿ ಅಜ್ಜನ ಬೆರಳನ್ನು ಬೊಟ್ಟಿನ ಮೇಲಿಟ್ಟರು. ಐದು ನಿಮಿಷಕ್ಕೆ ಅಜ್ಜ "ಹತ್ತಿದ!" ಎಂದರು. ಹಾಲಿನಲ್ಲಿ ಎಲ್ಲರಿಗೂ ಕೇಳುವಷ್ಟು ಜೋರಾಗಿ.

ಹಗುರಣ್ಣ ಅಲ್ಲಿಂದಲೇ ಕೂಗಿ ಕೇಳಿದರು: "ಇನ್ಯಾರಿಗೆ ಏನು ತೊಂದರೆ ಇದೆ? ಹೇಳಿ."

"ಏನೂ ಇಲ್ಲ," "ಎಲ್ಲಾ ಚೆನ್ನಾಗಿದೆ," ಎಂಬ ದನಿಗಳು ಬಂದವು. ಅವರು ಆ ಮಾತುಗಳನ್ನು ನಂಬಲಿಲ್ಲವೆಂದು ಅವರ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಉಳಿದ ಯಂತ್ರಗಳಲ್ಲೂ ಅದನ್ನೇ ಹಾಕುವಷ್ಟರಲ್ಲಿ ನಾಲ್ಕಾಯಿತು. ಮಹಡಿಯ ಮೇಲೆ ಮೇಲ್ವಿಚಾರಕರು ಹಾರ ಹಾಕಿ, "ಹದಿನೇಳು ದಿನದಿಂದ ಒಂದೇ ಒಂದು ದೂರು ಬಂದಿಲ್ಲ" ಎಂದು ಹೊಗಳಿದರು. ಹಗುರಣ್ಣ ತಲೆ ತಗ್ಗಿಸಿ ಕೂತಿದ್ದರು. ಎಲ್ಲರೂ ಅದನ್ನು ವಿನಯ ಅಂದುಕೊಂಡರು.

ಮರುದಿನ ಅವರ ಮೇಜಿನ ಮೇಲೆ ಆ ನೋಟ್‌ಪುಸ್ತಕವಿತ್ತು. ಧ್ವನಿ ಎಂಬಲ್ಲಿ ಹಳೆಯ ಹೆಸರು ಹೊಡೆದುಹಾಕಿ ಹೊಸತು ಬರೆದು, ಬಲಕ್ಕೆ "ಮೂರು ಗುಟುಕು. ಇರಲಿ." ಎಂದಿತ್ತು. ಕೆಳಗೆ ದಪ್ಪ ಅಂಕಿಗಳಲ್ಲಿ ಮನೆಯ ಫೋನ್ ನಂಬರು.

ದರ್ಜಿ ಅಜ್ಜ ಬಂದು ಎಂಟರ್ ಒತ್ತಿ ಕಾದರು. ಪುಸ್ತಕ ನಿನ್ನೆ ಬಿಟ್ಟಲ್ಲಿಂದ ಶುರುವಾಯಿತು. "ನಡು ಸಮುದ್ರ, ತಾಯಿ. ಅವರಿಗೆ ಹೇಳಿಬಿಡಿ," ಎಂದರು. ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

"ಏನು ಕೆಟ್ಟಿತು?"

"ಏನೂ ಕೆಟ್ಟಿಲ್ಲ ಅಣ್ಣ. ಬಡಗಿ ನಡು ಸಮುದ್ರದಲ್ಲಿದ್ದಾನಂತೆ."

"ಮಿಕ್ಕ ಒಂಬತ್ತು ಜನ?"

"ಕೇಳಿದೆ. ಎಲ್ಲಾ ಚೆನ್ನಾಗಿದೆ ಅಂದ್ರು."

"ಕೇಳಬೇಡಮ್ಮಾ," ಎಂದರು ಹಗುರಣ್ಣ, ಅದೇ ದಣಿದ ದನಿಯಲ್ಲಿ. "ಹಿಂದೆ ಕೂತು ನೋಡು."

ನನ್ನ ಮಂಡಿಯೂ ಈಗೀಗ ನೋಯುತ್ತದೆ. ಫೋನಿಟ್ಟು ಸ್ಟೂಲು ಎಳೆದುಕೊಂಡು ಒಂದನೇ ಸೀಟಿನ ಹಿಂದೆ ಕೂತೆ.