ನೆಪ್ಚೂನನ ಎರಡು ಬಲಗೈ

ವಡಪಳನಿಯಲ್ಲಿ ಸಿನಿಮಾ ಸೆಟ್‌ಗಳ ನಕ್ಷೆ ಬರೆಯುವ ತೇಜಶ್ರೀ ಕೂತಲ್ಲಿ ಕೂರುವವಳಲ್ಲ. ಅರಮನೆ, ಜೈಲು, ರೈಲು ನಿಲ್ದಾಣ ಏನು ಬರೆದರೂ ಶೂಟಿಂಗ್ ಮುಗಿದೊಡನೆ ಒಡೆದು ಲಾರಿಗೆ ತುಂಬುತ್ತಿದ್ದರು. ಅದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಈ ಸಲ ಒಂದು ಹಾಡಿಗೆ ಇಟಲಿಯ ಕಾರಂಜಿ ಬೇಕಿತ್ತು. ಕಲಾ ನಿರ್ದೇಶಕ ಶಿವರಂಜನ್ ಐನೂರು ವರ್ಷ ಹಳೆಯ ಕಾರಂಜಿ ಚಿತ್ರಗಳ ಪ್ರತಿಗಳನ್ನು ತಂದುಕೊಟ್ಟ. ಶಂಖ ಊದುವ ಮೀನುಬಾಲದ ಗಂಡಸರು, ನಡುವೆ ತ್ರಿಶೂಲ ಹಿಡಿದ ಕಡಲದೇವರು ನೆಪ್ಚೂನ್. ಒಂದು ಹಾಳೆಯಲ್ಲಿ ಕಲಾವಿದ ದೇವರ ಬಲಗೈಯನ್ನು ಎರಡು ಸಲ ಬರೆದಿದ್ದ: ಒಂದು ತ್ರಿಶೂಲ ಎತ್ತಿದ್ದು, ಇನ್ನೊಂದು ಅಲೆಗಳಿಗೆ ಸಾಕೆನ್ನುವಂತೆ ಕೆಳಗೆ ಚಾಚಿದ್ದು. ಯಾವುದನ್ನೂ ಅಳಿಸಿರಲಿಲ್ಲ.

"ಎತ್ತಿದ ಕೈ ಇರ್ಲಿ, ಮಾಸ್ ಆಗಿರುತ್ತೆ," ಎಂದ ಶಿವರಂಜನ್.

ಅಚ್ಚಿನ ಕೆಲಸದ ತಮ್ಮಯ್ಯ ಪ್ಲಾಸ್ಟರಿನಲ್ಲಿ ಹಾಗೇ ಮಾಡಿದ. ತೇಜಶ್ರೀಯ ಕಣ್ಣಿಗೆ ಮಾತ್ರ ಇಳಿದ ಕೈಯೇ ಕಟ್ಟಿತ್ತು. ಹಿಂದಿನ ಮಳೆಗಾಲದಲ್ಲಿ ವೇಲಚೇರಿಯ ಮನೆಗೆ ಸೊಂಟದ ತನಕ ನೀರು ನುಗ್ಗಿದಾಗ, ತಾಯಿ ಸರ್ವಮಂಗಳಾ ಮಂಚದ ಮೇಲೆ ನಿಂತು ಹಾಗೆಯೇ ಕೈ ಚಾಚಿ, "ಸಾಕ್ ನಿಲ್ಲವ್ವಾ, ತಾಯಿ" ಎಂದು ನೀರನ್ನು ಬೇಡಿಕೊಂಡಿದ್ದಳು.

ಶೂಟಿಂಗಿನ ಹಿಂದಿನ ದಿನ ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತ ತೇಜಶ್ರೀ ತಟ್ಟನೆ ಎದ್ದಳು. "ಯಾಕವ್ವಾ, ತಾಟು ಬಿಟ್ಟು ಎದ್ದಿ? ಕುಂತು ಉಣ್ಣಬಾರದೇನ?" ಎಂದಳು ಸರ್ವಮಂಗಳಾ.

"ಕೈ ತಪ್ಪಾಗೇತಿ, ಅವ್ವಾ," ಎಂದು ತೇಜಶ್ರೀ ಸ್ಟುಡಿಯೋಗೆ ಹೊರಟೇಬಿಟ್ಟಳು.

"ನಾಳೆ ಶೂಟಿಂಗ್ ಮಾ! ಸಾರ್‌ಗೆ ಏನ್ ಹೇಳೋದು?" ತಮ್ಮಯ್ಯ ಗಾಬರಿಯಾದ.

"ನಾನ್ ಹೇಳ್ತೀನಿ." ಗರಗಸ ಅವಳೇ ಹಿಡಿದು, ಎತ್ತಿದ ಕೈಯನ್ನು ಕೊಯ್ದು ತೆಗೆದು ಇಳಿದ ಕೈಯನ್ನು ಕೂರಿಸಿದಳು.

ಸಂಜೆ ಶಿವರಂಜನ್ ಬಂದು, ಇಳಿದ ಕೈಯನ್ನು ಬಹಳ ಹೊತ್ತು ನೋಡಿದ. "ಯಾರನ್ನ ಕೇಳಿ ಮಾಡ್ದೆ?"

"ಯಾರನ್ನೂ ಕೇಳಿಲ್ಲ."

"ಚೆನ್ನಾಗಿದೆ. ಆದ್ರೆ ಹೀರೋ ಇದರ ಕೆಳಗೇ ಕುಣೀಬೇಕು, ತಲೆಗೆ ಬಡಿಯುತ್ತೆ. ಹಳೇದನ್ನೇ ಹಾಕ್ಸು."

ಹಳೆಯ ಕೈ ಮರಳಿತು. ಹಾಡು ಮುಗಿಯಿತು. ಸೆಟ್ ಒಡೆಯುವಾಗ ತೇಜಶ್ರೀ ಮೊದಲ ಬಾರಿಗೆ ಅಲ್ಲೇ ನಿಂತು ಕೊನೆಯ ಚೂರಿನವರೆಗೂ ನೋಡಿದಳು. ಮುಂದಿನ ಚಿತ್ರಕ್ಕೆ ಒಲ್ಲೆ ಎಂದಳು.

ಗಿಂಡಿ ಬಡಾವಣೆಯಲ್ಲಿ ಸಿಮೆಂಟ್ ವಿಗ್ರಹ ಮಾಡುವ ಶೆಡ್ಡಿಗೆ ಕೆಲಸಕ್ಕೆ ಸೇರಿ, ಇಳಿದ ಕೈಯ ಕಡಲದೇವರನ್ನು ಹೊಸದಾಗಿ ಎರಕ ಹೊಯ್ದಳು. ಮೊದಲನೆಯದು ಭುಜದಲ್ಲಿ ಬಿರುಕು ಬಿಟ್ಟಿತು. ಎರಡನೆಯದು ನಿಂತಿತು, ಒಂದು ಶಾಲೆಯವರು ಅದನ್ನು ಅಂಗಳದಲ್ಲಿ ನಿಲ್ಲಿಸಿ ನೀರು ಹಾಯಿಸಿದರು. ಮಕ್ಕಳು ಅದರ ಸುತ್ತ ಕಿರುಚಾಡುತ್ತ ಒದ್ದೆಯಾದರು.

ತೇಜಶ್ರೀಗೆ ಸಮಾಧಾನವಾಗಿಲ್ಲ. ಹೆಬ್ಬೆರಳು ದಪ್ಪವಾಯಿತೆಂದು ಗೊಣಗುತ್ತ, ಇನ್ನೊಂದರ ಅಚ್ಚಿಗೆ ಮಣ್ಣು ಕಲಸುತ್ತಿದ್ದಾಳೆ.