ಅಪ್ಪನನ್ನು ಪೋಲಿ ಎಂದು ಓದಿದ ಭಾನುವಾರ

ಮೊದಲಿಗೇ ಕ್ಷಮೆ ಕೋರುತ್ತೇನೆ. ಈ ಬರಹದಲ್ಲಿ ವ್ಯಾಕರಣದ ಲೋಪವಾಗಲಿ ಔಚಿತ್ಯದ ಭಂಗವಾಗಲಿ ಕಂಡುಬಂದರೆ ಸಹೃದಯರು ಮನ್ನಿಸಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲನೆಯವಳಾದ್ದರಿಂದ, ಇಂಥ ತಪ್ಪುಗಳನ್ನು ನನಗಿಂತ ಮುಂಚೆ ಮಾಡಿ ದಾರಿ ತೋರಿಸಿದ ಹಿರಿಯರು ನನಗೆ ಸಿಕ್ಕಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಅದು ತೀರ ಕ್ಷುಲ್ಲಕವಾದದ್ದು. ದೂರದೇಶದ ಕರೆ ಬಂದಾಗ ಮನುಷ್ಯರು ಕುಳಿತು ಮಾತನಾಡಲಾರರು ಎಂಬುದನ್ನು ನೀವೂ ಗಮನಿಸಿರಬಹುದು. ಸಿಗ್ನಲ್ಲಿನ ಕೊರತೆ ಇರುವುದು ಆ ತುದಿಯಲ್ಲಿ. ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಗರಾಜಿಗೆ ಅಲೆಯುವವರು ಈ ತುದಿಯವರು. ಡಾಲರ್ ನಾಡಿನ ಗಿಲ್‌ರಾಯಿ ಪಟ್ಟಣದ ನಮ್ಮ ಮನೆಯಲ್ಲಿ ಶನಿವಾರ ಬೆಳಿಗ್ಗೆ ನಾನು ಮಾಡುವ ಈ ಪ್ರದಕ್ಷಿಣೆಗೆ ನನ್ನ ಪತಿ ಪ್ರದೀಪ 'ವಾರದ ವ್ಯಾಯಾಮ' ಎಂದು ನಾಮಕರಣ ಮಾಡಿದ್ದಾರೆ.

ಕರೆ ಬರುವುದು ತಾಂಜಾನಿಯಾದ ಒಳನಾಡಿನಿಂದ. ನನ್ನ ಅಪ್ಪ ಮಂಗಳೂರಿನ ಒಂದು ಅಚ್ಚುಕೂಟದಲ್ಲಿ ಆಯುಷ್ಯವಿಡೀ ಪುಸ್ತಕಗಳಿಗೆ ರಟ್ಟು ಕಟ್ಟಿದವರು. ಅಮ್ಮ ಬಟ್ಟೆ ಹೊಲಿದವರು. ನನ್ನ ಮಗಳು ನಿಶಾಳನ್ನು ಸಾಕಿಕೊಡಲೆಂದು ಇಲ್ಲಿಗೆ ಬಂದು, ಅವಳು ಪೂರ್ಣಾವಧಿ ಶಾಲೆಗೆ ಸೇರಿದೊಡನೆ, ಇನ್ನು ನಮಗೆ ವಿಶ್ರಾಂತಿ ಎನ್ನುವ ಬದಲು, ನಮ್ಮ ಚರ್ಚಿನ ಸಭೆಯ ಮೂಲಕ ಒಂದೂವರೆ ವರ್ಷದ ಸೇವೆಗೆ ಆಫ್ರಿಕಾಕ್ಕೆ ಹೊರಟುಬಿಟ್ಟರು. ಸಭಾಪಾಲಕರು ಅವರನ್ನು ವೇದಿಕೆಗೆ ಕರೆದು 'ಹಿರಿಯ ಮಿಷನರಿ ದಂಪತಿ' ಎಂದು ಗೌರವಿಸಿದಾಗ ಅಮ್ಮ ನನ್ನ ಕಿವಿಯಲ್ಲಿ, "ದಂಪತಿ ಅಂತೆಲ್ಲ ಎಂತದು ಮಾರಾಯ್ತಿ, ನಾವು ಗಂಡ ಹೆಂಡ್ತಿ" ಎಂದಿದ್ದರು.

ಅಲ್ಲಿಗೆ ತಲುಪಿದ ಮೊದಲ ವಾರದ ವಾರ್ತೆಯೇ ಬೋಡಾಬೋಡಾ. ಬಾಡಿಗೆಗೆ ಕರೆದೊಯ್ಯುವ ಬೈಕಿಗೆ ಅಲ್ಲಿ ಹಾಗೆನ್ನುತ್ತಾರೆ. ತುಳುವಿನಲ್ಲಿ 'ಬೋಡಾ' ಎಂದರೆ ಬೇಕೇ ಎಂದರ್ಥ. ಪೇಟೆಯ ಬೈಕಿನವರು "ಬೋಡಾ, ಬೋಡಾ" ಎಂದು ಕೂಗಿದಾಗ ಅಮ್ಮ, ಇಷ್ಟು ದೂರದಲ್ಲೂ ನಮ್ಮವರಿದ್ದಾರೆಂದು ಪುಳಕಿತರಾಗಿ, ಪ್ರತಿಯೊಬ್ಬರಿಗೂ "ಬೊಡ್ಚಿ" ಎಂದು, ಅಂದರೆ ಬೇಡವೆಂದು, ವಿನಯದಿಂದ ಉತ್ತರಿಸುತ್ತ ಬಿಸಿಲಿನಲ್ಲಿ ನಡೆದೇ ಮನೆ ಸೇರಿದರಂತೆ.

ಅವರ ಹಳ್ಳಿಯಲ್ಲಿ ಫೋನು ಹಿಡಿಯುವುದಿಲ್ಲ. ಶನಿವಾರ ಸಾಮಾನು ಕೊಳ್ಳಲು ಪೇಟೆಗೆ ಬಂದಾಗ ಮಾತ್ರ ಮಾತು. ಆ ಮಾತನ್ನು ನಾನು ಭಾನುವಾರ ನಮ್ಮ ಕನ್ನಡ ಸಭೆಯಲ್ಲಿ ವರದಿಯಾಗಿ ಓದಬೇಕು. ಪದವೀಧರೆಯಲ್ಲವೇ, ಪದಗಳಿಗೆ ಇಸ್ತ್ರಿ ಹಾಕದೆ ಹೊರಗೆ ಕಳುಹಿಸಲಾರೆ. "ಶುಕ್ರವಾರ ಎಂತ ಕೆಲಸ ಇಲ್ಲ, ಪಕ್ಕದ ಮನೆಯ ಜಗಲಿಯಲ್ಲಿ ಸುಮ್ಮನೆ ಕೂತ್ಕೊಳ್ಳುದು" ಎಂದು ಅಮ್ಮ ಹೇಳಿದರೆ, ನನ್ನ ವರದಿಯಲ್ಲಿ ಅದು 'ವಾರಾಂತ್ಯದಲ್ಲಿ ಸಮುದಾಯ ಸಂಪರ್ಕ' ಆಗುತ್ತಿತ್ತು. ಮೇಕೆ ಸತ್ತ ನೆರೆಯವಳ ಜೊತೆ ಅಮ್ಮ ಅತ್ತದ್ದು 'ಶೋಕತಪ್ತರಿಗೆ ಸಾಂತ್ವನ'ವಾಗಿ ದಾಖಲಾಗಿತ್ತು.

ಅವರ ಅವಧಿ ಮುಗಿಯಲು ಕೆಲವೇ ವಾರಗಳಿದ್ದಾಗ, ಒಂದು ಶನಿವಾರ, ಅಮ್ಮ ನಗುತ್ತಲೇ, "ಮಗಾ, ಈ ವಾರ ಅಪ್ಪನ ಕಥೆ ಕೇಳ್ಬೇಕು ನೀನು! ಊರಿಡೀ ಮನೆಗೆ ಬಂದು ಅವರಿಗೆ ಪೋಲಿ, ಪೋಲಿ ಅಂತ..." ಎನ್ನುವಷ್ಟರಲ್ಲಿ ಕರೆ ಕಡಿದುಹೋಯಿತು. ಮತ್ತೆ ಸಿಗಲಿಲ್ಲ. ಕೇಳಿಸಿದಷ್ಟಕ್ಕೆ ಇಸ್ತ್ರಿ ಹಾಕಿ, ಮರುದಿನ ಪಕ್ಕದ ಊರಾದ ಮಾರ್ಗನ್ ಹಿಲ್ಲಿನಲ್ಲಿ ನಮ್ಮ ಸಭೆ ಬಾಡಿಗೆಗೆ ಪಡೆದ ಸಭಾಂಗಣದಲ್ಲಿ ಎದ್ದುನಿಂತು ಗಂಭೀರವಾಗಿ ಓದಿದೆ: "ಸ್ಥಳೀಯರು ನನ್ನ ತಂದೆಯವರನ್ನು ಆತ್ಮೀಯತೆಯಿಂದ 'ಪೋಲಿ' ಎಂದು ಸಂಬೋಧಿಸುತ್ತಿರುವುದು ಅವರ ಸೇವೆಗೆ ಸಂದ ಮನ್ನಣೆಯಾಗಿದೆ."

ಹಿಂದಿನ ಸಾಲಿನಿಂದ ನಗು ಉಕ್ಕಿ ಬಂತು. "ಈ ವಯಸ್ಸಲ್ಲಿ ಪೋಲಿ ಅನ್ನಿಸ್ಕೊಳ್ಳೋದೂ ಒಂದು ಅಚೀವ್‌ಮೆಂಟೇ ಬಿಡು" ಎಂದು ಪ್ರದೀಪ ಪಿಸುಗುಟ್ಟಿದರು. ನಗದೆ ಉಳಿದವರು ಒಬ್ಬರೇ, ದೇವದಾಸ ಅಂಕಲ್. ಯೌವನದಲ್ಲಿ ತಾಂಜಾನಿಯಾದ ದಾರೆಸ್ಸಲಾಮಿನ ಬಂದರಿನಲ್ಲಿ ಗುಮಾಸ್ತರಾಗಿದ್ದವರು. ಕಾಫಿಯ ವೇಳೆಗೆ ನನ್ನನ್ನು ಪಕ್ಕಕ್ಕೆ ಕರೆದರು.

"ಅದು ಪೋಲಿ ಅಲ್ಲ ಮಗಾ, ಪೋಲೆ. ಸ್ವಾಹಿಲಿ. ಯಾರಿಗಾದ್ರೂ ಪೆಟ್ಟಾದ್ರೆ, ಕಷ್ಟ ಬಂದ್ರೆ, ಮನೆಗೆ ಹೋಗಿ ಹೇಳುವ ಮಾತು. ನಿಂಗೆ ಹೀಗಾಯ್ತಲ್ಲ ಅಂತ." ಅವರು ಕಪ್ಪನ್ನು ಕೆಳಗಿಟ್ಟರು. "ಅಪ್ಪನಿಗೆ ಎಂತ ಆಗಿದೆ?"

ಎಂತ ಆಗಿದೆ ಎಂದು ತಿಳಿಯಲು ನಾನು ಮುಂದಿನ ಶನಿವಾರದವರೆಗೆ ಕಾಯಬೇಕಿತ್ತು. ಪ್ರದೀಪ, "ಅತ್ತೆ ನಗ್ತಾ ಇದ್ರು ಅಂದೆಯಲ್ಲ, ಏನೂ ಆಗಿರಲ್ಲ" ಎಂದರು. ಆದರೆ ಅಮ್ಮ ಎಂಥೆಂಥ ಸಂಗತಿಗಳನ್ನು ನಗುತ್ತ ಹೇಳಬಲ್ಲರೆಂಬುದು ಅಳಿಯನಿಗಿಂತ ಮಗಳಿಗೆ ಚೆನ್ನಾಗಿ ಗೊತ್ತು.

ಅವರ ವಾರವನ್ನು ಅಷ್ಟು ಸಮೀಪದಿಂದ ನಾನು ಬದುಕಿದ್ದು ಅದೇ ಮೊದಲು. ಸೋಮವಾರ ಅಪ್ಪ ಹರಿದ ಕೀರ್ತನೆ ಪುಸ್ತಕಗಳನ್ನು ಹೊಲಿಯುವ ದಿನ. ಹೊಲಿಯುತ್ತಿದ್ದಾರೋ ಮಲಗಿದ್ದಾರೋ ಎಂದು ಯೋಚಿಸುತ್ತ ಫ್ರೀವೇಯಲ್ಲಿ ನನ್ನ ಎಕ್ಸಿಟ್ಟನ್ನೇ ದಾಟಿಹೋದೆ. ಮಂಗಳವಾರ ಅಮ್ಮನ ಹೊಲಿಗೆ ತರಗತಿ. ಬುಧವಾರ ಇಬ್ಬರೂ ಒಂದೇ ಬೈಕಿನಲ್ಲಿ ಸವಾರನ ಹಿಂದೆ ಕುಳಿತು ಕಾಯಿಲೆಯವರನ್ನು ನೋಡಲು ಹೋಗುತ್ತಾರೆ; ಆ ಚಿತ್ರ ಕಣ್ಣಿಗೆ ಕಟ್ಟಿದ ಮೇಲೆ ಮೀಟಿಂಗಿನಲ್ಲಿ ಯಾರು ಏನೆಂದರೋ ತಿಳಿಯಲಿಲ್ಲ. ಗುರುವಾರ ಹಾಡಿನ ಅಭ್ಯಾಸ: ರಾಗ ಪರಿಚಿತವಾದ್ದರಿಂದ ಅಮ್ಮ ಸ್ವಾಹಿಲಿಯವರ ನಡುವೆ ನಿಂತು ನಿರಾತಂಕವಾಗಿ ಕನ್ನಡದಲ್ಲೇ ಹಾಡುತ್ತಾರಂತೆ. ಶುಕ್ರವಾರ ಜಗಲಿ. ಆ ಶುಕ್ರವಾರ ನನಗೆ ಹೊಳೆಯಿತು: ಅವರು ಅಲ್ಲಿ ಯಾರದೋ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾರೆ, ಯಾರೋ ಇವರ ಪಕ್ಕದಲ್ಲಿ ಬಂದು ಕೂರುತ್ತಾರೆ. ನಮ್ಮ ಬೀದಿಯಲ್ಲಿ ಎಲ್ಲ ಗರಾಜಿನ ಬಾಗಿಲುಗಳೂ ಗುಂಡಿಯೊತ್ತಿದರೆ ತೆರೆಯುತ್ತವೆ, ಕಾರು ಒಳಹೊಕ್ಕೊಡನೆ ಮುಚ್ಚಿಕೊಳ್ಳುತ್ತವೆ.

ಶನಿವಾರಕ್ಕೆಂದು ಒಂದು ಭಾಷಣ ಸಿದ್ಧಪಡಿಸಿದ್ದೆ. ಆರೋಗ್ಯ, ವಯೋಮಾನ, ಕೌಟುಂಬಿಕ ಹೊಣೆಗಾರಿಕೆ ಇತ್ಯಾದಿ ಅಂಶಗಳನ್ನೊಳಗೊಂಡು 'ತಾವಿಬ್ಬರೂ ಕೂಡಲೇ ಹಿಂದಿರುಗತಕ್ಕದ್ದು' ಎಂಬಲ್ಲಿಗೆ ಮುಗಿಯುವ ನಿರ್ದುಷ್ಟ ಭಾಷಣ. ಕರೆ ಬಂತು. ಪರದೆಯಲ್ಲಿ ಅಪ್ಪ ಕಂಡರು; ಎಡಗೈ ಅಮ್ಮನ ಹಳೆಯ ಸೀರೆಯ ಜೋಲಿಯಲ್ಲಿತ್ತು.

"ಪೋಲೆ, ಅಪ್ಪ" ಎಂದೆ. ಭಾಷಣದಲ್ಲಿ ಆ ಮಾತು ಇರಲಿಲ್ಲ.

ಅಪ್ಪ, "ಬೈಕಿಂದ ಜಾರಿದ್ದು, ಅಷ್ಟೇ. ಮಣಿಕಟ್ಟಿನ ಹತ್ರ ಸಣ್ಣ ಬಿರುಕು ಉಂಟಂತೆ. ನಿನ್ನ ವಾರ ಹೇಗಿತ್ತು ಮಗಾ?" ಎಂದರು.

ಓದುಗ ಮಿತ್ರರೇ, ಆ ಪ್ರಶ್ನೆಗೆ ನನ್ನ ಬಳಿ ವರದಿ ಇರಲಿಲ್ಲ. ಕೆಲಸಕ್ಕೆ ಹೋಗಿ ಬರುವ ಅಷ್ಟುದ್ದದ ದಾರಿ, ಶಾಲೆ ಬಿಟ್ಟ ಮೇಲೆ ನಿಶಾಳನ್ನು ನೋಡಿಕೊಳ್ಳುವ ಡೇಕೇರಿನವರು ಬಾಗಿಲು ಹಾಕುವ ಹೊತ್ತಿಗೆ ಮುಟ್ಟಲಾರೆನೆಂಬ ದಿನದಿನದ ತಳಮಳ, ಅವರಿಬ್ಬರಿಗೆ ಏನಾದರೂ ಆದರೆ ನನಗೆ ಕೊನೆಗೆ ತಿಳಿಯುವುದೆಂಬ ಭಯ, ಎಲ್ಲವೂ ಮಂಗಳೂರಿನ ಮಾತಿನಲ್ಲಿ, ಕರ್ತೃ ಕರ್ಮ ಕ್ರಿಯಾಪದಗಳ ಪರಿವೆಯಿಲ್ಲದೆ ಹೊರಬಿತ್ತು. ಅಮ್ಮ ನಡುವೆ ಒಮ್ಮೆಯೂ ನಗಲಿಲ್ಲ.

"ಇಲ್ಲಿ ಇನ್ನೊಂದು ವರ್ಷ ಇರ್ತೀರಾ ಅಂತ ಕೇಳಿದ್ದಾರೆ" ಎಂದರು ಅಪ್ಪ. "ಮಗಳ ಹತ್ರ ಕೇಳದೆ ಹೇಳ್ಲಿಕ್ಕೆ ಆಗುದಿಲ್ಲ ಅಂದೆ. ನೀನು ಬನ್ನಿ ಅಂದ್ರೆ ಬರ್ತೇವೆ."

ಒಂದೂವರೆ ವರ್ಷದಿಂದ ಆಡಬೇಕೆಂದಿದ್ದ 'ಬನ್ನಿ' ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ಅಪ್ಪನ ಹಿಂದೆ, ಯಾರೋ ಮುದುಕಿ ನಮ್ಮ ಸಂಭಾಷಣೆಯ ಗೊಡವೆಯಿಲ್ಲದೆ ಅವರ ಜೋಲಿಯ ಗಂಟನ್ನು ಬಿಚ್ಚಿ ಸರಿಯಾಗಿ ಕಟ್ಟುತ್ತಿದ್ದಳು. ಅಪ್ಪ ಮಗುವಿನಂತೆ ಕೈ ಒಡ್ಡಿದ್ದರು.

"ಇರಿ" ಎಂದೆ. "ಆದ್ರೆ ಬಿದ್ರೆ ನಂಗೆ ಹೇಳ್ಬೇಕು. ಬಿದ್ದ ದಿನವೇ."

"ಬೀಳುದೇ ಬೇಡ ಅಂತ ಹೇಳು ಅವರಿಗೆ" ಎಂದರು ಅಮ್ಮ. "ನನ್ನ ಮಾತು ಅವರಿಗೆ ಯಾವಾಗ ಕೇಳಿದೆ?"

ಅವರು ಉಳಿದರು. ಅಪ್ಪನ ಕೈಯ ಮೂಳೆ ಕೂಡಿಕೊಂಡಿದೆ, ಆದರೆ ಮಣಿಕಟ್ಟನ್ನು ಪೂರ್ತಿ ಮಡಚಲು ಬರುವುದಿಲ್ಲ. ಹಳ್ಳಿಯ ಶಾಲೆಯ ಶಿಕ್ಷಕರೊಬ್ಬರು ಪೇಟೆಗೆ ಹೋದಾಗಲೆಲ್ಲ ನನಗೆ ಅವರಿಬ್ಬರ ಕ್ಷೇಮದ ಒಂದು ಸಾಲಿನ ಸಂದೇಶ ಕಳುಹಿಸುತ್ತಾರೆ. ನಾನು ಆಫೀಸಿನಲ್ಲಿ ಕೇಳಿ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡುತ್ತಿದ್ದೇನೆ. ಉಳಿದ ದಿನ ನಿಶಾಳನ್ನು ಕರೆತರುವುದು ಪ್ರದೀಪರ ಪಾಲು. ಭಾನುವಾರದ ವರದಿಯನ್ನು ಈಗ ಓದುವುದಿಲ್ಲ, ಅಮ್ಮ ಹೇಳಿದ್ದನ್ನು ಅಮ್ಮ ಹೇಳಿದಂತೆಯೇ ಹೇಳುತ್ತೇನೆ. ಬೇಸಿಗೆ ರಜೆಗೆ ನಾವು ಮೂವರೂ ಅಲ್ಲಿಗೆ ಹೋಗುತ್ತೇವೆ.