ಬಾಡಿಗೆ ಗೌನಿನ ಮಡಿಕೆ ಬಿಡಿಸುವಾಕೆ

ಬೆಳಕು ಹರಿಯುವ ಮೊದಲೇ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಹಬೆ ಏಳುತ್ತಿದೆ. ಘಟಿಕೋತ್ಸವದ ಬಾಡಿಗೆ ಗೌನುಗಳು ಸೊಂಟದೆತ್ತರ ರಾಶಿ ಬಿದ್ದಿವೆ. ಐವತ್ತು ದಾಟಿದ ಇಸ್ತ್ರಿಯಮ್ಮ ಒಂದೊಂದನ್ನೇ ಒಳಮಗ್ಗುಲು ತಿರುವಿ, ಮೇಲೊಂದು ತೆಳು ಬಟ್ಟೆ ಹಾಸಿ ಒತ್ತುತ್ತಾರೆ. ಕಪ್ಪು ಬಟ್ಟೆಗೆ ನೇರ ಬಿಸಿ ತಾಗಿದರೆ ಹೊಳಪೆದ್ದು ಕೆಡುತ್ತದಂತೆ. ಈ ಸಲ ಇವರೂ ಬಿ.ಎ. ಪಾಸು. ಅದು ಗೊತ್ತಿರುವುದು ಸೊಸೆಗೆ ಮಾತ್ರ, ಈಗ ಪತ್ರಿಕೆಗೆ ಬರೆಯಲು ಬಂದ ನನಗೆ.

ಮದುವೆಯ ಹೊತ್ತಿಗೆ ನಿಂತ ಓದನ್ನು ಮಗನ ಮದುವೆಯಾದ ಮೇಲೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಮುಂದುವರಿಸಿದರು. ಪಾಠವೆಲ್ಲ ಮೊಬೈಲಿನಲ್ಲಿ, ಇಸ್ತ್ರಿ ಒತ್ತುತ್ತಲೇ. ಬಾಗಿಲು ಕಿರ್ ಎಂದರೆ ಪಾಠ ಬಂದ್. "ಕಳ್ಳತನ ಮಾಡೋರ ಹಾಗೆ ಓದಿದೀನಿ," ಎನ್ನುತ್ತಾರೆ.

ಹೋದ ವರ್ಷ, ಯಾರೂ ಇಲ್ಲವೆಂದು ಒಂದು ಗೌನನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದರು. ಅಷ್ಟರಲ್ಲಿ ಗೌನು ಒಯ್ಯಲು ಬಂದ ಹುಡುಗಿಯರನ್ನು ಮಾಲೀಕರು ಒಳಗೇ ಕರೆತಂದರು. "ಆಸೆ ನೋಡ್ರಮ್ಮ ಇವರದು!" ಎಂದರಂತೆ. ಎಲ್ಲರೂ ನಕ್ಕರು, ಒಬ್ಬಳು ಫೋಟೊ ಹೊಡೆದಳು.

"ಭುಜ ಸರಿಯಾಗಿ ಕೂತಿದ್ಯಾ ನೋಡ್ತಿದ್ದೆ ಅಂತ ಸುಳ್ಳು ಹೇಳ್ದೆ. ನಾನೂ ಓದ್ತಿದೀನಿ ಅಂತ ಒಂದು ಮಾತು ಬರ್ಲಿಲ್ಲ ಬಾಯಿಗೆ. ಉನ್ನತ ಶಿಕ್ಷಣ ಎಲ್ಲರ ಹಕ್ಕು ಅಂತ ಪರೀಕ್ಷೇಲಿ ಎರಡು ಪುಟ ಬರ್ದೋಳು ನಾನು! ನಾಚಿಕೆ ಆಗಿದ್ದು ಅವರು ನಕ್ಕಿದ್ದಕ್ಕಲ್ಲ, ನಾನು ಮುಚ್ಚಿಟ್ಟಿದ್ದಕ್ಕೆ."

ಕೇಳುತ್ತಿದ್ದ ನನಗೂ ತಲೆ ಎತ್ತಲಾಗಲಿಲ್ಲ. ಓದಿಗೂ ವಯಸ್ಸು, ವೇಷ ನೋಡಿ ಸೀಟು ಹಂಚುವವರು ನಾವೇ ತಾನೇ?

ಆ ನಗು ಕಿವಿಯಲ್ಲೇ ಉಳಿದದ್ದಕ್ಕೆ ಪದವಿ ಪತ್ರ ಅಂಚೆಯಲ್ಲೇ ಬರಲಿ ಎಂದು ಅಧ್ಯಯನ ಕೇಂದ್ರಕ್ಕೆ ತಿಳಿಸಿಬಿಟ್ಟಿದ್ದಾರೆ. ವೇದಿಕೆಗೆ ಹೋಗಿ ಪಡೆಯಬೇಕೆಂದರೆ ಇವತ್ತೇ ಹೇಳಬೇಕು, ನಾಳೆಗೆ ಅವಕಾಶವಿಲ್ಲ. ಬುತ್ತಿ ತಂದ ಸೊಸೆ ಸುಮ್ಮನಿರುವವಳಲ್ಲ.

"ಅತ್ತೆ, ಕದ್ದ ಮಾಲಾ ಅದು, ಗುಟ್ಟಾಗಿ ತರಿಸ್ಕೊಳ್ಳೋಕೆ?"

"ಮೆಲ್ಲಗೆ ಮಾತಾಡೇ, ಮಾರಾಯ್ತಿ!"

ಅಷ್ಟರಲ್ಲಿ ಮಾಲೀಕರು ಬರುತ್ತಾರೆ. ಪತ್ರಿಕೆಯವರು ಬಂದದ್ದೇಕೆ ಎಂದು ಕೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಇಸ್ತ್ರಿಯಮ್ಮ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಮುಖ ಕೆಂಪೇರಿದೆ, ಕಣ್ಣು ಮೇಜಿನ ಮೇಲೇ ಇದೆ.

"ಸಾರ್, ಶನಿವಾರ ನಂಗೆ ರಜಾ ಬೇಕು. ನಂದೂ ಬಿ.ಎ. ಆಯ್ತು. ವೇದಿಕೆ ಮೇಲೆ ಹೋಗಿ ತಗೋಬೇಕು."

ಮಾಲೀಕರು ರಾಶಿಯನ್ನೂ ಇವರನ್ನೂ ನೋಡಿ ತಡವರಿಸುತ್ತಾರೆ. "ಮತ್ತೆ... ಇಷ್ಟು ಗೌನು?"

"ಎಲ್ಲಾ ಮುಗಿಸಿಕೊಟ್ಟೇ ಹೋಗ್ತೀನಿ," ಎನ್ನುತ್ತಾರೆ ಇಸ್ತ್ರಿಯಮ್ಮ. "ನಂದೊಂದಕ್ಕೆ ಮಾತ್ರ ಬೇರೆ ಯಾರಾದ್ರೂ ಇಸ್ತ್ರಿ ಹಾಕ್ಲಿ."